ಬಾಜೂಕ ಯಾರು ಕೂತಿದ್ರು?

ಕಡಲೆಹಿಟ್ಟಿನಲ್ಲಿ ಮುಳುಗಿಸಿದ ಹಸಿಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದಾಗ ಏಳುವ ಘಾಟು ಇದೆಯಲ್ಲ, ಅದು ನನ್ನಂಥವಳ ವಯಸ್ಸನ್ನು ಲೆಕ್ಕಕ್ಕೇ ಇಡುವುದಿಲ್ಲ. ಹೋದ ತಿಂಗಳು ಒಂದು ರವಿವಾರ ಸೇಡಂ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಡೆಯುತ್ತಿದ್ದಾಗ ಆ ಘಾಟು ಮೂಗಿಗೆ ಬಡಿದು ನಿಂತುಬಿಟ್ಟೆ. ತಗಡಿನ ಚಪ್ಪರ, ಬಾಗಿಲಲ್ಲೇ ದೊಡ್ಡ ಬಾಣಲೆ, ಸಿಮೆಂಟಿನ ಧೂಳು ಕೂತ ಬೆಂಚುಗಳು, ಗೋಡೆಯ ಮೇಲೆ ಧ್ವನಿಯಿಲ್ಲದೆ ಓಡುತ್ತಿದ್ದ ಟಿವಿ. ಒಳಗೆ ಕಾಲಿಟ್ಟ ಕೂಡಲೇ ಮಾಲೀಕರು ನನ್ನ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೇನೋ ಎಂದು ಇಣುಕಿದರು. ಯಾರೂ ಇರಲಿಲ್ಲ. "ಫ್ಯಾಮಿಲಿ ಒಳಗ ಕುಂದ್ರಿ ಮೇಡಂ" ಎಂದು ಪರದೆ ಇಳಿಬಿಟ್ಟ ಮೂಲೆಯನ್ನು ತೋರಿಸಿದರು. ನಮ್ಮ ಕಡೆಯ ಹೋಟೆಲುಗಳಲ್ಲಿ ಹೆಂಗಸು ಒಬ್ಬಳೇ ಬಂದರೂ ಫ್ಯಾಮಿಲಿಯೇ. ಐವತ್ತು ದಾಟಿದ, ಮದುವೆಯಾಗದ, ಕಲಬುರಗಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ನನ್ನನ್ನು ಈಗ ಫ್ಯಾಮಿಲಿ ಎನ್ನುವವರು ಹೋಟೆಲಿನವರು ಮಾತ್ರ. "ಬ್ಯಾಡ್ರಿ, ಇಲ್ಲೇ ಕೂಡ್ತೀನಿ" ಎಂದು ಬೆಂಚಿನ ತುದಿಯಲ್ಲಿ ಕೂತು ಒಂದು ಪ್ಲೇಟ್ ಚುರುಮುರಿ ಸುಸಲಾ, ಜೊತೆಗೆ ಮಿರ್ಚಿ ಭಜಿ ಹೇಳಿದೆ.

ರವಿವಾರಗಳಂದು ಹೀಗೆ ತಿರುಗುವುದು ನನಗೆ ಚಟವಾಗಿದೆ. ಕಲಬುರಗಿಯಲ್ಲಿ ಹೋಟೆಲಿಗೇನು ಬರವಿಲ್ಲ. ಆದರೂ ಬೆಳಿಗ್ಗೆ ಎದ್ದು ಶಹಾಬಾದಿಗೋ ಚಿತ್ತಾಪುರಕ್ಕೋ ಹೋಗಿ, ಕೇಳುತ್ತ ಕೇಳುತ್ತ ಓಣಿ ಹೊಕ್ಕು, ಬೋರ್ಡೇ ಇಲ್ಲದ ಯಾವುದೋ ಹೋಟೆಲಿನಲ್ಲಿ ತಿಂದು ಬರುತ್ತೇನೆ. "ಅಲ್ಲೇನದರಿ ಮೇಡಂ, ಬರೇ ಧೂಳು" ಎಂದು ಸಹೋದ್ಯೋಗಿಗಳು ನಗುತ್ತಾರೆ. ಧೂಳು ಇರುವುದು ನಿಜ. ಆದರೆ ಆ ಧೂಳಿನ ನಡುವೆಯೇ ಪುಂಡಿ ಪಲ್ಯವನ್ನು ಬಾಯಲ್ಲಿ ನೀರೂರುವಂತೆ ಮಾಡುವವರಿದ್ದಾರೆ, ಚಹಾವನ್ನು ಬಶಿಯ ತುಂಬ ತುಳುಕುವಂತೆ ಸುರಿದು ಕೊಡುವವರಿದ್ದಾರೆ. ಅವರನ್ನು ಹುಡುಕಿ ತೆಗೆಯುವ ಖುಷಿಯೇ ಬೇರೆ. ಆ ಖುಷಿಯನ್ನು ನನಗೆ ಹಚ್ಚಿದವನು ನನ್ನ ಕಾಕಾ.

ಅಪ್ಪನಿಗೆ ವರ್ಗದ ಮೇಲೆ ವರ್ಗವಾಗುತ್ತಿತ್ತು. ಶಾಲೆ ಕೆಡಬಾರದೆಂದು ನನ್ನನ್ನು ಚಿತ್ತಾಪುರದಲ್ಲಿ ಕಾಕಾನ ಹತ್ತಿರ ಬಿಟ್ಟಿದ್ದರು. ಆ ಬಾಡಿಗೆ ಮನೆಯಲ್ಲಿ ಇದ್ದವರು ನಾವು ಮೂವರೇ. ಮದುವೆಯ ಮಾತೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ ಗಣಿತದ ಮಾಸ್ತರ ಕಾಕಾ, ಹಸಿ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ್ದ ಅವನ ಅಕ್ಕ, ಅಂದರೆ ನನ್ನ ಅತ್ಯಾ, ಮತ್ತೆ ನಾನು. ಶಹಾಬಾದ್ ಫರ್ಸಿಕಲ್ಲಿನ ನೆಲ, ಬೇಸಿಗೆಯಲ್ಲಿ ಮಧ್ಯಾಹ್ನ ನೀರು ಚೆಲ್ಲಿ ಅದರ ಮೇಲೆ ಮಲಗಿದರೆ ಬೆನ್ನಿಗೆ ತಂಪು ಏರುತ್ತಿತ್ತು. ಅಡಿಗೆಮನೆ ಅತ್ಯಾಳ ರಾಜ್ಯ. ಅವಳು ಮಡಿಯಲ್ಲಿದ್ದಾಗ ಆ ಹೊಸ್ತಿಲು ದಾಟಲು ನಮಗೆ ಅಪ್ಪಣೆಯಿರಲಿಲ್ಲ. ಇಂಗಿನ ಒಗ್ಗರಣೆಯ ಆ ಮನೆಗೆ ಉಳ್ಳಾಗಡ್ಡಿ ಬರುತ್ತಿರಲಿಲ್ಲ, ಹೊರಗಿನ ತಿಂಡಿಯಂತೂ ದೂರದ ಮಾತು. ಅತ್ಯಾ ಹೋಗುತ್ತಿದ್ದುದು ಗುಡಿಗೆ, ಬಾವಿಗೆ, ವರ್ಷಕ್ಕೊಮ್ಮೆ ಯಾರದಾದರೂ ಮನೆಯ ಮುತ್ತೈದೆಯರ ಊಟಕ್ಕೆ ಅಡಿಗೆ ಮಾಡಲು. ಬಡಿಸಲು ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕಾಕಾ ಮಾತ್ರ ತಿಂಡಿಪೋತ. ರವಿವಾರ ಬಂತೆಂದರೆ ಇಸ್ತ್ರಿ ಅಂಗಿ ತೊಟ್ಟು "ಸುಧೀ, ಚಪ್ಪಲ್ ಹಾಕ್ಕೋ" ಎನ್ನುವನು. ಪ್ಯಾಸೆಂಜರ್ ಗಾಡಿ ಹತ್ತಿ ಒಂದು ಸಲ ವಾಡಿಗೆ, ಒಂದು ಸಲ ಸೇಡಂಗೆ, ಅಪರೂಪಕ್ಕೆ ಬಸ್ಸಿನಲ್ಲಿ ಕುಲುಕಾಡುತ್ತ ಚಿಂಚೋಳಿಗೆ. ವಾಡಿಯಲ್ಲಿ ಪೂರಿ-ಬಾಜಿ. ಚಿಂಚೋಳಿಯಲ್ಲಿ ಕುಂಚಾವರಂ ಕಡೆಯ ಒಬ್ಬ ಹೆಂಗಸು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಗದರುತ್ತ ಬಡಿಸುತ್ತಿದ್ದ ರೊಟ್ಟಿ ಊಟ. ಶಹಾಬಾದಿನಲ್ಲಿ ಬೇಕರಿಯ ಖಾರಿ ಬಿಸ್ಕೀಟು, ಆಮೇಲೆ ಟಾಕೀಜಿನಲ್ಲಿ ಸಿನಿಮಾ. ಆ ಟಾಕೀಜಿನಲ್ಲಿ ನಾವು ಒಂದು ಸಿನಿಮಾವನ್ನೂ ಪೂರ್ತಿ ನೋಡಿದ್ದಿಲ್ಲ. ವಾಡಿಗೆ ಹೋಗಿ ಚಿತ್ತಾಪುರದ ಗಾಡಿ ಹಿಡಿಯಬೇಕಲ್ಲ, ನಾಯಕಿಯನ್ನು ಕಟ್ಟಿ ಹಾಕುವ ಹೊತ್ತಿಗೆ ಕಾಕಾ ನನ್ನ ಕೈ ಹಿಡಿದು ಎಳೆಯುತ್ತಿದ್ದ. ಕತ್ತಲೆಯಲ್ಲಿ ಮಂದಿಯ ಕಾಲು ತುಳಿಯುತ್ತ, ಬೈಸಿಕೊಳ್ಳುತ್ತ ಹೊರಗೆ ಬಂದು ಸ್ಟೇಶನ್ನಿನವರೆಗೆ ಓಡುತ್ತಿದ್ದೆವು. ನನಗೆ ಅಳುವೇ ಬರುತ್ತಿತ್ತು.

ನಮ್ಮ ರವಿವಾರ ಮುಗಿಯುತ್ತಿದ್ದುದು ಅಡಿಗೆಮನೆಯ ಹೊಸ್ತಿಲಿನ ಹೊರಗೆ. ಬಚ್ಚಲಿಗೆ ಹೋಗಿ ಮಿಂದು, ಬೇರೆ ಬಟ್ಟೆ ಉಟ್ಟು ಕಾಕಾ ಮತ್ತು ನಾನು ಅಲ್ಲಿ ಕೂರಬೇಕು. ಒಳಗೆ ಒಲೆಯ ಹತ್ತಿರ ಅತ್ಯಾ ಭಕ್ಕರಿ ತಟ್ಟುತ್ತ, ನಮ್ಮ ಕಡೆ ನೋಡದೆ, "ಹೂಂ, ಹೇಳ್ರಿ" ಎನ್ನುವಳು. ಮನೆ ಬಿಟ್ಟಲ್ಲಿಂದ ಶುರು ಮಾಡಿ ಎಲ್ಲ ಸಾಲಾಗಿ ಹೇಳಬೇಕು, ಒಂದನ್ನು ಹಿಂದೆ ಮುಂದೆ ಮಾಡುವ ಹಾಗಿಲ್ಲ. ಸಿನಿಮಾದ ಕತೆ ಕಟ್ಟಿ ಹಾಕಿದ ನಾಯಕಿಯ ತನಕ ಬಂದು ನಿಂತಾಗ "ಮುಂದ?" ಎನ್ನುವಳು. "ಮುಂದ ಗಾಡಿ ಬಂತು" ಎನ್ನುವನು ಕಾಕಾ. ಆಗ ಅತ್ಯಾ ಹಿಟ್ಟಿನ ಕೈಯನ್ನು ಮೊಣಕಾಲ ಮೇಲಿಟ್ಟು ಉಳಿದ ಕತೆಯನ್ನು ತಾನೇ ಮುಗಿಸುವಳು. ಅವಳ ಕತೆಯಲ್ಲಿ ನಾಯಕ ಬರುತ್ತಲೇ ಇರಲಿಲ್ಲ, ಹುಡುಗಿ ತಾನೇ ಹಗ್ಗ ಬಿಚ್ಚಿಕೊಂಡು ತೌರಿಗೆ ಹೋಗುತ್ತಿದ್ದಳು. "ಇದೇ ಛಲೋ ಅದ" ಎಂದು ಕಾಕಾ ಒಪ್ಪಿಬಿಡುವನು. ದೊಡ್ಡವಳಾದ ಮೇಲೆ ಅಂಥ ಕೆಲವು ಸಿನಿಮಾಗಳ ನಿಜವಾದ ಕೊನೆ ನೋಡಿದೆ, ಸಪ್ಪೆ ಎನಿಸಿತು.

ತಿಂಡಿಯ ವಿಷಯಕ್ಕೆ ಬಂದಾಗ ಮಾತ್ರ ಅತ್ಯಾ ರುಚಿ ಹೇಗಿತ್ತೆಂದು ಕೇಳಿದ್ದೇ ಇಲ್ಲ. ನಾನು ಪೂರಿ ಹೇಗೆ ಉಬ್ಬಿತ್ತೆಂದು ಕೈಯಗಲಿಸಿ ತೋರಿಸಿದರೆ "ಅದಿರ್ಲಿ" ಎಂದು ತಡೆಯುತ್ತಿದ್ದಳು. "ಬಾಜೂಕ ಯಾರು ಕೂತಿದ್ರು? ಅದು ಹೇಳು." ಒಬ್ಬ ಮುದುಕ ಕೂತಿದ್ದ ಎಂದರೆ ಸಾಲದು. ಯಾವ ಊರಿನವನು, ಜೊತೆಗೆ ಯಾರಿದ್ದರು, ನಗುತ್ತಿದ್ದನೋ ಇಲ್ಲವೋ, ಏಳುವಾಗ ಹೋಗಿ ಬರ್ತೀನಿ ಅಂದನೋ. ನನಗೆ ಗೊತ್ತಿಲ್ಲದಿದ್ದರೆ ಸಿಟ್ಟಾಗುತ್ತಿದ್ದಳು. "ಬರೇ ತಾಟು ನೋಡಕೋತ ತಿಂದು ಬಂದ್ರೇನು?" ಎಂದು ಇಬ್ಬರನ್ನೂ ಸೇರಿಸಿ ಬೈಯುತ್ತಿದ್ದಳು. ಬರಬರುತ್ತ ನಾನು ಹೋಟೆಲಿಗೆ ಹೋದರೆ ಬಾಜೂಕ ಕೂತವರನ್ನೇ ನೋಡತೊಡಗಿದೆ. ಅತ್ಯಾಳಿಗೆ ಹಸಿವಿದ್ದುದು ಪೂರಿಗಲ್ಲ, ಮಂದಿಗೆ. ಅಪರಿಚಿತರ ನಡುವೆ ಒಮ್ಮೆ ಸುಮ್ಮನೆ ಕೂರಬೇಕು, ಯಾರ ಮಗಳು, ಯಾರ ವಿಧವೆ ಎಂದು ಯಾರೂ ಕೇಳದಂತೆ ಕೂರಬೇಕು, ಅಷ್ಟೇ ಅವಳ ಆಸೆ. ಅದು ಆಗಿನ ನನ್ನ ಎಳೆಯ ಬುದ್ಧಿಗೆ ತಿಳಿದಿರಲಿಲ್ಲ, ಕಾಕಾನಿಗೆ ತಿಳಿದಿತ್ತು.

ಅದಕ್ಕೇ ಅವನು ಬಿಡದೆ ಕರೆಯುತ್ತಿದ್ದ. "ಅಕ್ಕಾ, ನೀನೂ ನಡಿ. ಒಂದ್ ಕಪ್ ಚಾ ಕುಡದು ಬರೂಣು." ಒಂದು ರವಿವಾರ ಹೇಗೆ ಮನಸ್ಸು ಮಾಡಿದಳೋ, ಹೊರಟಳು. ಒಗೆದ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಬಿಗಿಯಾಗಿ ಎಳೆದುಕೊಂಡು ನಮ್ಮ ಹಿಂದೆ ಹತ್ತು ಮಾರು ದೂರದಲ್ಲಿ ನಡೆದು ಬಂದಳು. ಕಾಕಾ ಅವಳ ಟಿಕೀಟನ್ನೂ ತೆಗೆಸಿದ. ಅವಳು ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ನಿಂತು ಗಾಡಿ ಬರುವ ದಿಕ್ಕನ್ನೇ ನೋಡುತ್ತಿದ್ದಳು. ಅಷ್ಟು ಹರೆಯದ ಮುಖ ಅವಳಿಗಿತ್ತೆಂದು ನನಗೆ ಗೊತ್ತಿರಲಿಲ್ಲ. ಗಾಡಿ ಬರುವ ಮೊದಲೇ ನಮ್ಮ ಓಣಿಯ ಆಚಾರ್ಯರ ಮನೆಯ ವೈನಿ ಎದುರಾದರು. "ಇದೇನ್ರಿ ಅಕ್ಕಾವ್ರ, ನೀವೂ ಹೊಂಟೀರಿ? ಎಲ್ಲಿಗೆ?" ಕೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ, ಸುಮ್ಮನೆ ಕೇಳಿದ್ದು. ಅತ್ಯಾ ಸೆರಗನ್ನು ಇನ್ನಷ್ಟು ಮುಂದೆಳೆದಳು. "ಎಲ್ಲಿಗೂ ಇಲ್ಲರಿ. ಇವರನ್ನ ಗಾಡಿ ಹತ್ತಿಸ್ಲಿಕ್ಕ ಬಂದೀನಿ" ಎಂದಳು. ಗಾಡಿ ಬಂತು, ನಮ್ಮನ್ನು ಹತ್ತಿಸಿದಳು, ವೈನಿಯ ಜೊತೆ ಮನೆಯ ಕಡೆ ತಿರುಗಿದಳು. ಕಾಕಾ ಅವತ್ತು ಏನೂ ತಿನ್ನಲಿಲ್ಲ. ಸಂಜೆ ಹೊಸ್ತಿಲಿನ ಹೊರಗೆ ಕೂತಾಗ ಅವಳೂ ಏನೂ ಕೇಳಲಿಲ್ಲ, ಭಕ್ಕರಿ ತಟ್ಟುವ ಸಪ್ಪಳವೊಂದೇ ಕೇಳುತ್ತಿತ್ತು.

ಕಾಲ ಸರಿಯಿತು. ನಾನು ಓದಿ ಕಲಬುರಗಿಯಲ್ಲಿ ನೌಕರಿ ಹಿಡಿದೆ. ಕಾಕಾ ನಿವೃತ್ತನಾದ ಕೆಲವೇ ವರ್ಷಕ್ಕೆ, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಅತ್ಯಾಳನ್ನು ನನ್ನ ಮನೆಗೆ ಕರೆದುಕೊಂಡು ಬಂದೆ. ಚಿತ್ತಾಪುರದ ಆ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳ ಸಾಲಿದೆ, ಫರ್ಸಿಗಳನ್ನು ಯಾರು ಕಿತ್ತುಕೊಂಡು ಹೋದರೋ. ನನ್ನ ಮನೆಯಲ್ಲಿ ಅತ್ಯಾ ಮಾತು ಕಡಿಮೆ ಮಾಡಿದಳು. ನಾನೂ ಕಾಲೇಜಿನ ಗದ್ದಲದಲ್ಲಿ ಮುಳುಗಿ ಹೊರಗೆ ತಿನ್ನುವುದನ್ನು ಬಿಟ್ಟುಬಿಟ್ಟಿದ್ದೆ, ಹೇಳುವುದಕ್ಕೂ ಏನೂ ಇರುತ್ತಿರಲಿಲ್ಲ. ಹೀಗಿರುವಾಗ ಒಂದು ರವಿವಾರ ಪೂಜೆ ಮುಗಿಸಿ ಬಂದವಳು ತಾನಾಗಿಯೇ ಹೇಳಿದಳು. "ಸುಧೀ, ವಾಡಿಗೆ ಹೋಗೂಣು ನಡಿ. ಗುಂಡೂ ಒಯ್ತಿದ್ದನಲ್ಲ, ಅಂಥಾ ಕಡೆ." ಗುಂಡೂ ಎಂದರೆ ಕಾಕಾ. ಎಂಬತ್ತರ ಹತ್ತಿರ ಬಂದಿದ್ದವಳು, ಕಾಲು ಊದಿರುತ್ತಿದ್ದವು. "ಮಡಿ?" ಎಂದು ಬಾಯಿ ತಪ್ಪಿ ಕೇಳಿದೆ. "ಯಾರ ಸಲುವಾಗಿ ಇನ್ನ?" ಎಂದಳು.

ಹಳೆಯ ಹೋಟೆಲು ಇರಲಿಲ್ಲ, ಸ್ಟೇಶನ್ನಿಗೆ ಹತ್ತಿರದ ಬೇರೊಂದಕ್ಕೆ ಹೋದೆವು. ಬಡಿಸುವವನು ನಮ್ಮನ್ನು ನೋಡಿದ್ದೇ ಪರದೆ ಸರಿಸಿ ಫ್ಯಾಮಿಲಿ ರೂಮಿನಲ್ಲಿ ಕೂರಿಸಿದ. ಪ್ಲೈವುಡ್ಡಿನ ಮೂರು ಗೋಡೆ, ಒಂದು ಫ್ಯಾನು. ಅತ್ಯಾ ಸುತ್ತ ನೋಡಿದಳು. "ಇಲ್ಲಿ ಯಾರೂ ಇಲ್ಲಲಾ" ಎಂದಳು. ನಾನು ಹೆಂಗಸರಿಗೆ ಹೀಗೇ ಎಂದು ವಿವರಿಸುವಷ್ಟರಲ್ಲಿ ಎದ್ದೇಬಿಟ್ಟಳು. ಪರದೆಯನ್ನು ಕೈಯಿಂದ ತಳ್ಳಿ, ಗೋಡೆ ಹಿಡಿದುಕೊಂಡು ಹೊರಗಿನ ಬೆಂಚಿನ ತನಕ ನಡೆದಳು. ಅಲ್ಲಿ ಕಾರ್ಖಾನೆಯ ಖಾಕಿ ಅಂಗಿ ತೊಟ್ಟ ನಡುವಯಸ್ಸಿನವನೊಬ್ಬ ಭಜಿ ತಿನ್ನುತ್ತಿದ್ದ. ಸರಿದು ಜಾಗ ಮಾಡಿದ. "ಕುಂದ್ರಿ ಯವ್ವಾ." ಅತ್ಯಾ ಕೂತಳು. ನಾನು ಅವಳ ಇನ್ನೊಂದು ಪಕ್ಕಕ್ಕೆ ಕೂತೆ. ಯಾವ ಊರಪ್ಪಾ ಎಂದು ಕೇಳಿದಳು, ನಾಲವಾರದವನು, ಡ್ಯೂಟಿಗೆ ಹೊರಟವನು. ನಮ್ಮ ಇಡ್ಲಿ ಇನ್ನೂ ಬಂದಿರಲಿಲ್ಲ. ಅವನು ತನ್ನ ಪ್ಲೇಟನ್ನು ಅವಳ ಕಡೆ ಸರಿಸಿದ. "ತಗೋರಿ ಯವ್ವಾ, ಬಿಸಿ ಅದ." ಎಂಜಲು ಪ್ಲೇಟು ಅದು. ಅತ್ಯಾ ಒಂದು ಭಜಿ ತೆಗೆದುಕೊಂಡು ಖಾರಕ್ಕೆ ಕಣ್ಣೀರು ಸುರಿಸುತ್ತ ಪೂರ್ತಿ ತಿಂದಳು. ಆಮೇಲೆ ಇಡ್ಲಿ, ಆಮೇಲೆ ಚಹಾ. ಬರುವವರನ್ನು, ಹೋಗುವವರನ್ನು ನೋಡುತ್ತ ಬಹಳ ಹೊತ್ತು ಕೂತಳು.

ಮನೆಗೆ ಬಂದವಳೇ ಮಿಂದು ಬೇರೆ ಸೀರೆ ಉಟ್ಟಳು. "ನೀ ಒಳಗ ಕೂಡು" ಎಂದು ನನ್ನನ್ನು ಅಡಿಗೆಮನೆಯಲ್ಲಿ ಕೂರಿಸಿ ತಾನು ಹೊಸ್ತಿಲಿನ ಹೊರಗೆ ಕೂತಳು. ಜೊತೆಗೇ ಇದ್ದವಳಿಗೆ ಏನು ಹೇಳುತ್ತಾಳೆ ಎಂದು ನಗು ಬಂತು. ಅವಳು ನಗಲಿಲ್ಲ, ಗಾಡಿ ಹತ್ತಿದಲ್ಲಿಂದ ಸಾಲಾಗಿ ಶುರು ಮಾಡಿದಳು. "ನನ್ನ ಈ ಬಾಜೂಕ ನಾಲವಾರದಂವ ಕೂತಿದ್ದ. ಕೈಮ್ಯಾಲೆ ಅವ್ವನ ಹೆಸರು ಹಚ್ಚಿ ಹಾಕಿಸ್ಕೊಂಡಾನ. ತಿನ್ನಾಗ ಆ ಕೈ ದೂರ ಇಟ್ಕೊಂಡು ತಿಂತಿದ್ದ, ಎಣ್ಣಿ ಹತ್ತಬಾರದಂತ." ಅದನ್ನು ನಾನು ನೋಡಿಯೇ ಇರಲಿಲ್ಲ. ಅತ್ಯಾ ಮುಂದುವರಿಸಿದಳು. "ಆ ಬಾಜೂಕ ಒಬ್ಬಾಕಿ ಕೂತಿದ್ಲು. ಕನ್ನಡಕದಾಕಿ, ಸಾಲಿ ಕಲಸೋಕಿ ಇದ್ದಂಗಿದ್ಲು. ಮುಂದ ಇಟ್ಟದ್ದು ಆರಿ ಹೋದ್ರೂ ತಿನ್ನಲಿಲ್ಲ, ನನ್ನ ಮಾರಿನೇ ನೋಡಕೋತ ಕೂತಿದ್ಲು. ಹಿಂದ ಮುಂದ ಯಾರೂ ಇಲ್ಲ ಅನಸ್ತದ. ಪಾಪ, ನಾಳೆ ಮನಿಗೆ ಹೋಗಿ ಯಾರಿಗೆ ಹೇಳ್ತಾಳೋ."

ನನ್ನದೇ ಚೇಷ್ಟೆ ಮಾಡುತ್ತಿದ್ದಾಳೆಂದುಕೊಂಡು ಅವಳ ಮುಖ ನೋಡಿದೆ. ಕಣ್ಣು ತುಂಬಿದ್ದವು. ಆ ವರ್ಷದ ಚಳಿಗಾಲ ದಾಟಲಿಲ್ಲ ಅವಳು. ನಿಮ್ಮ ಮನೆಯಲ್ಲೂ ಕೇಳುವವರೊಬ್ಬರು ಇದ್ದಿರಬೇಕು, ಅವರು ಹೋದ ಮೇಲೆ ತಿಂದದ್ದು ಮೈಗೆ ಹತ್ತದೆ ನೀವೂ ಒದ್ದಾಡಿರಬೇಕು. ನನಗೆ ಅದನ್ನು ಬೇರೆ ಯಾರ ಹತ್ತಿರ ಹೇಳಿಕೊಳ್ಳಬೇಕೋ ತಿಳಿಯದೆ ನಿಮ್ಮ ಮುಂದೆ ಬರೆಯುತ್ತಿದ್ದೇನೆ.

ಮೊನ್ನೆ ಚಿಂಚೋಳಿಗೆ ಹೋಗಿದ್ದೆ. ಡ್ಯಾಮಿನ ದಾರಿಯಲ್ಲಿ ಹೊಸದೊಂದು ಹೋಟೆಲು, ಬಣ್ಣದ ದೀಪ ಹಾಕಿದ್ದಾರೆ, ಮಕ್ಕಳಿಗೆ ಉಯ್ಯಾಲೆ ಕಟ್ಟಿದ್ದಾರೆ. ಎದುರಿನ ಟೇಬಲ್ಲಿನಲ್ಲಿ ಅಪ್ಪ-ಅವ್ವನ ಜೊತೆ ಬಂದಿದ್ದ ಎರಡು ಜಡೆಯ ಹುಡುಗಿ ತನ್ನ ರೊಟ್ಟಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ನನ್ನ ಕನ್ನಡಕ, ನನ್ನ ಚೀಲ, ನನ್ನ ಪಕ್ಕದ ಖಾಲಿ ಕುರ್ಚಿ, ಒಂದನ್ನೂ ಬಿಡದೆ ನೋಡಿದಳು. "ಮುಂದ ನೋಡಿ ಊಟ ಮಾಡು" ಎಂದು ಅವಳ ಅವ್ವ ಗದರಿದಳು. ನಾನು ಅವಳಿಗೆ ಚೆನ್ನಾಗಿ ಕಾಣಲಿ ಎಂದು ಸ್ವಲ್ಪ ನೆಟ್ಟಗೆ ಕೂತೆ. ಏಳುವಾಗ "ಹೋಗಿ ಬರ್ತೀನಿ" ಎಂದು ಅವಳಿಗೆ ಹೇಳಿಯೇ ಎದ್ದೆ. ಆ ಹುಡುಗಿಯ ಮನೆಯಲ್ಲಿ ಕೇಳುವವರು ಇರಲಿ.