ದೊನ್ ತೆಯೋ ಎತ್ತಿದ ಲೋಟ

ಲಾ ಪೆನ್ಯಿತಾ ಬೀದಿಯಲ್ಲಿ ಚುನಾವಣೆ ಹತ್ತಿರ ಬಂತೆಂದು ತಿಳಿಯಲು ಯಾರೂ ಪತ್ರಿಕೆ ಓದುತ್ತಿರಲಿಲ್ಲ. ನಿನ್ಯಾ ಬೆರ್ತಿಲಾಳ ಪುಪುಸಾ ಅಂಗಡಿಯ ಹೆಂಚಿನ ಮೇಲೆ ಒಡಕು ಪುಪುಸಾ ಕಾಣಿಸಿಕೊಂಡರೆ ಸಾಕಾಗಿತ್ತು. ನಮ್ಮ ಎಲ್ ಸಾಲ್ವದೋರಿನಲ್ಲಿ ಮತ ಕೇಳುವವನು ಮೊದಲು ಏಪ್ರನ್ ಕಟ್ಟಿಕೊಂಡು, ಅಂಗೈಗೆ ಎಣ್ಣೆ ಸವರಿಕೊಂಡು, ಮೆಕ್ಕೆಜೋಳದ ಹಿಟ್ಟಿನ ಉಂಡೆಯೊಳಗೆ ಅರೆದ ಕಾಳು, ಚೀಸು, ಹಂದಿಮಾಂಸ ತುಂಬಿ ಪುಪುಸಾ ರೊಟ್ಟಿ ತಟ್ಟಲೇಬೇಕು. ಮುಂದೆ ಫೋಟೋದವನು ನಿಂತಿರಬೇಕು. ಇದು ಕಾನೂನಿನಲ್ಲಿ ಇಲ್ಲ, ಆದರೆ ಕಾನೂನಿಗಿಂತ ಚೆನ್ನಾಗಿ ಪಾಲನೆಯಾಗುತ್ತದೆ.

ಜನಸೇವೆಗೆ ಹೊರಟ ಆ ಕೈಗಳಲ್ಲಿ ಒಂದಾದರೂ ಪುಪುಸಾ ಒಡೆಯದಂತೆ ತಟ್ಟಿದ್ದಿಲ್ಲ. ಅವರು ತಟ್ಟಿದ್ದನ್ನು ಬೆರ್ತಿಲಾ ಪಕ್ಕಕ್ಕೆ ತಳ್ಳಿ, ತಾನು ತಟ್ಟಿದ್ದನ್ನು ಅವರ ತಟ್ಟೆಗೆ ಹಾಕುತ್ತಿದ್ದಳು. ಫೋಟೋದಲ್ಲಿ ಅವರು ಕಣ್ಣು ಮುಚ್ಚಿ ಚಪ್ಪರಿಸುವುದು ಇದನ್ನೇ. ಒಡಕಲು ಅಂಗಡಿಯ ನಾಯಿಗೆ ಹೋಗುತ್ತಿತ್ತು. ಆ ನಾಯಿ ನಾಲ್ಕು ಪಕ್ಷಗಳ ಉಪ್ಪು ತಿಂದಿತ್ತು, ಯಾರಿಗೂ ಬಾಲ ಅಲ್ಲಾಡಿಸಿರಲಿಲ್ಲ.

ನಿನ್ಯಾ ಅಂದರೆ ಪುಟ್ಟ ಹುಡುಗಿ. ಮೊಮ್ಮಕ್ಕಳನ್ನು ಕಂಡ ಹೆಂಗಸರನ್ನೂ ಗೌರವಕ್ಕೆ ಹಾಗೆಯೇ ಕರೆಯುವುದು ನಮ್ಮ ರೂಢಿ. ಗಂಡಸರನ್ನು ದೊನ್ ಅನ್ನುತ್ತೇವೆ. ಹಾಗಾಗಿ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ತೆಯೋಫಿಲೊ ಎಲ್ಲರಿಗೂ ದೊನ್ ತೆಯೋ. ಆ ಅಂಗಡಿಯ ಮುಂದಿನ ಮೇಜು ಅವನದು. ಸಂಜೆ ಐದಕ್ಕೆ ಬಂದು ಕೂತನೆಂದರೆ ಎರಡು ಪುಪುಸಾ, ಒಂದು ಕಾಫಿ, ಮೇಲೆ ಹುಳಿ ಎಲೆಕೋಸು ಧಾರಾಳ. ಊರಿನ ಸಮಾಚಾರವೂ ಅಷ್ಟೇ ಧಾರಾಳ.

ಹದಿನೈದು ವರ್ಷದ ಹಿಂದೆ ಒಬ್ಬ ಅಭ್ಯರ್ಥಿಯ ಫೋಟೋದಲ್ಲಿ ಅವನು ಅಕಸ್ಮಾತ್ತಾಗಿ ಸಿಕ್ಕಿಬಿದ್ದ. ಬಿಳಿ ಮೀಸೆ, ಹುಲ್ಲಿನ ಟೋಪಿ, ಕೆನ್ನೆಯಲ್ಲಿ ಉತ್ತ ಹೊಲದಂಥ ಸುಕ್ಕು. ಬಡತನಕ್ಕೆ ಬಡತನ, ನಗುವಿಗೆ ನಗು. ಫೋಟೋದವನು ತಲೆದೂಗಿ, "ಅಯ್ಯೋ, ಜನಸಾಮಾನ್ಯ ಅಂದ್ರೆ ಇವರೇ ಕಣ್ರೀ!" ಅಂದ. ಅಂದಿನಿಂದ ದೊನ್ ತೆಯೋ ಜನಸಾಮಾನ್ಯನಾದ. ಯಾವ ಪಕ್ಷದವರು ಬಂದರೂ ಪಕ್ಕದಲ್ಲಿ ಅವನೇ. ಚೀಸು ಎಳೆಯೆಳೆಯಾಗಿ ಕಾಣಬೇಕಾದರೆ ಪುಪುಸಾವನ್ನು ಎಷ್ಟು ಎತ್ತರದಲ್ಲಿ ಹರಿಯಬೇಕು, ಟೋಪಿಯ ನೆರಳು ಕಣ್ಣಿಗೆ ಬೀಳದಂತೆ ಹೇಗೆ ಕೂರಬೇಕು ಎಂಬುದೆಲ್ಲ ಅವನಿಗೆ ಕರತಲಾಮಲಕ. ಹೊಸ ಫೋಟೋದವರಿಗೆ ಅವನೇ ಪಾಠ ಹೇಳುತ್ತಿದ್ದ. ಪಕ್ಷಗಳು ಕೊಟ್ಟ ಅಂಗಿಗಳು ನಾಲ್ಕು ಬಣ್ಣದವು ಮನೆಯಲ್ಲಿದ್ದವು. ಹೆಂಡತಿ ಒತೀಲಿಯಾ ಪಕ್ಷಭೇದವಿಲ್ಲದೆ ಎಲ್ಲದರಲ್ಲೂ ನೆಲ ಒರೆಸುತ್ತಿದ್ದಳು.

ಹಾಗಂತ ಅವನೇನೂ ತನಗಾಗಿ ಬೇಡಿದವನಲ್ಲ. ಬಾಯಿ ಚಪ್ಪರಿಸಿದ ಮೇಲೆ ಪ್ರತಿ ಸಲ ಒಂದೇ ಮಾತು: "ಸಾಹೇಬ್ರೇ, ನಮ್ಮ ಬೀದಿಗೆ ನೀರು." ಅವರೂ ಹೆಗಲ ಮೇಲೆ ಕೈಯಿಟ್ಟು ಒಂದೇ ಮಾತು: "ದೊನ್ ತೆಯೋ, ನಿಮ್ಮನೆ ನಲ್ಲಿನೇ ನನ್ನ ಮೊದಲ್ನೇ ಕೆಲಸ." ಗೆದ್ದ ಮೇಲೆ ಆ ಕೈ ಬೇರೆ ಯಾವುದೋ ಹೆಗಲಿಗೆ ಹೋಗುತ್ತಿತ್ತು. ಬೀದಿಯ ನಲವತ್ತಮೂರು ಮನೆಗಳಲ್ಲಿಯೂ ನಲ್ಲಿ ಇತ್ತು, ತಿಂಗಳಿಗೊಮ್ಮೆ ಕೆಮ್ಮುತ್ತಿತ್ತು. ಮಿಕ್ಕಂತೆ ಹೆಂಗಸರು ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಪ್ಲಾಸ್ಟಿಕ್ ಕೊಡ ಇಟ್ಟು ಇಳಿಜಾರಿನ ಕೆಳಗಿನ ಬಾವಿಯಿಂದ ಹೊರುತ್ತಿದ್ದರು. ಬೆರ್ತಿಲಾಳ ಅಂಗಡಿಯಲ್ಲಿ ತಟ್ಟೆ ತೊಳೆಯಲು ನೀರಿಲ್ಲದೆ ಪ್ರತಿ ತಟ್ಟೆಗೂ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ ಬಡಿಸುತ್ತಿದ್ದರು.

ಈ ವರ್ಷ ಮಾತ್ರ ಒಂದು ಆಸೆ ಹುಟ್ಟಿತ್ತು, ಹುಟ್ಟಿಸಿದವಳು ಒತೀಲಿಯಾ. ಕತ್ತು ನೋವಿಗೆ ಪಟ್ಟಿ ಸುತ್ತಿಕೊಂಡೇ ಮನೆಮನೆ ಅಲೆದು ನಲವತ್ತಮೂರು ಸಹಿ ಮಾಡಿಸಿ ನೀರಿನ ಕಚೇರಿಗೆ ಕೊಟ್ಟಿದ್ದಳು. ಆರು ಸಲ ಹೋಗಿ ಕೂತ ಮೇಲೆ, ಹೊಸ ಪೈಪು ಹಾಕಬೇಕಾದ ಬೀದಿಗಳ ಪಟ್ಟಿಯಲ್ಲಿ ಲಾ ಪೆನ್ಯಿತಾದ ಹೆಸರು ಸೇರಿತ್ತು. ಜುಲೈಗೆ ಕೆಲಸ ಶುರು ಅಂದಿದ್ದರು.

ಆಗಲೇ ಮತ್ತೆ ಗೆಲ್ಲಬೇಕೆಂದಿದ್ದ ಮೇಯರ್ ಅರಿಸ್ತಿದೆಸ್ ಅಂಗಡಿಗೆ ಬಂದ. ತಟ್ಟಿದ, ಒಡೆಯಿತು, ನಾಯಿ ತಿಂದಿತು. ದೊನ್ ತೆಯೋ ಪಕ್ಕದಲ್ಲಿ ಕೂತು ಚೀಸು ಎಳೆದ. ಆಮೇಲೆ ಫೋಟೋದವನು ಚೀಲದಿಂದ ಬಾಟಲಿ ತೆಗೆದು ಗಾಜಿನ ಲೋಟಕ್ಕೆ ನೀರು ಸುರಿದು ಅವನ ಕೈಗೆ ಕೊಟ್ಟ.

"ಇದನ್ನ ಮೇಲಕ್ಕೆತ್ತಿ ನಗಿ, ದೊನ್ ತೆಯೋ."

"ಪುಪುಸಾ ಜೊತೆ ನೀರು ಯಾರಪ್ಪಾ ಕುಡೀತಾರೆ? ಕಾಫಿ ಇದೆಯಲ್ಲ."

"ಬೆಳಕು ಲೋಟದೊಳಗಿಂದ ಬಂದ್ರೆ ನಿಮ್ಮ ಮುಖ ಹೆಂಗ್ ಕಾಣತ್ತೆ ಗೊತ್ತಾ? ಪಟದಲ್ಲಿರೋ ಸಂತರ ಥರಾ!"

ಸಂತ ಅಂದದ್ದೇ ತಡ, ದೊನ್ ತೆಯೋ ಲೋಟ ಎತ್ತಿದ. ಬೆರ್ತಿಲಾ ಹೆಂಚಿನ ಹಿಂದಿನಿಂದ, "ಹೊಗಳಿದ್ರೆ ಈ ಮನುಷ್ಯ ಸೀಮೆಎಣ್ಣೇನೂ ಎತ್ತಿ ನಗ್ತಾನೆ," ಅಂದದ್ದು ಅವನ ಕಿವಿಗೆ ಬೀಳಲಿಲ್ಲ.

ವಾರದಲ್ಲಿ ಬಸ್ ನಿಲ್ದಾಣದ ಮೇಲೆ ಎರಡು ಮಹಡಿ ಎತ್ತರದ ಬೋರ್ಡು ಎದ್ದಿತು. ಅದರಲ್ಲಿ ದೊನ್ ತೆಯೋ, ಕೈಯಲ್ಲಿ ಫಳಫಳ ಹೊಳೆಯುವ ಲೋಟ, ಕೆಳಗೆ ದಪ್ಪ ಅಕ್ಷರ: "ಕೊನೆಗೂ ನಮ್ಮ ಮನೆಗೆ ನೀರು ಬಂತು! – ದೊನ್ ತೆಯೋಫಿಲೊ, ಲಾ ಪೆನ್ಯಿತಾ."

ಮೊದಲ ದಿನ ಅವನು ಅಕ್ಷರ ಓದಲಿಲ್ಲ, ಮೀಸೆ ನೋಡಿದ. ಚೆನ್ನಾಗಿಯೇ ಬಂದಿತ್ತು. ಎರಡನೆಯ ದಿನ ಬೆಳಗ್ಗೆ ಬಾಗಿಲು ತೆಗೆದರೆ ಎದುರಿಗೆ ಹದಿನೇಳು ಕೊಡ, ಹದಿನೇಳು ಹೆಂಗಸರು. ಮುಂದೆ ಪಕ್ಕದ ಮನೆಯ ನಿನ್ಯಾ ಮೌರಾ, ಬಾಯಿಗೆ ಬೀಗವಿಲ್ಲದವಳು.

"ಏನ್ ದೊನ್ ತೆಯೋ, ಕದ್ದುಮುಚ್ಚಿ ಪೈಪ್ ಹಾಕಿಸ್ಕೊಂಡ್ರಾ? ನಾವು ಸಹಿ ಹಾಕಿದ್ದು ಇದಕ್ಕಾ?"

"ಆಣೆಗೂ ಇಲ್ಲ ತಾಯಿ! ಬಂದು ನೋಡಿ!" ಅಂತ ಒಳಗೆ ಕರೆದು ನಲ್ಲಿ ತಿರುಗಿಸಿದ. ಅದು ಬುಸ್ಸೆಂದಿತು, ಒಂದು ಜಿರಲೆಯನ್ನು ಉಗುಳಿತು.

"ಎಲ್ಲೋ ವಾಲ್ವ್ ಮುಚ್ಚಿಟ್ಟಿದಾನೆ," ಅಂದಳು ಮೌರಾ. "ಎರಡು ಮಹಡಿ ಎತ್ತರದ ಮುಖ ಸುಳ್ಳು ಹೇಳತ್ತಾ?"

ಮುಖ ಅಷ್ಟು ದೊಡ್ಡದಾದ ಮೇಲೆ ಅದರ ಎದುರು ಬಾಯಿ ಮಾತು ನಡೆಯುವುದಿಲ್ಲ. ಬೀದಿಯವರು ಅವನಿಗೆ ನಮಸ್ಕಾರ ಹೇಳುವುದನ್ನು ಬಿಟ್ಟರು. ಅಂಗಡಿಯಲ್ಲಿ ಅವನ ಮೇಜಿಗೆ ಯಾರೂ ಕೂರಲಿಲ್ಲ. ಬೆರ್ತಿಲಾ ತಟ್ಟೆ ಇಡುತ್ತಾ, "ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ. ನೀವು ಮೊದಲು ನೀರು ಕುಡಿದ್ರಿ, ಈಗ ಉಪ್ಪು ತಿನ್ನಿ," ಅಂದಳು. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಅವನು ಒಂದು ಪುಪುಸಾವನ್ನು ಅರ್ಧಕ್ಕೇ ಬಿಟ್ಟೆದ್ದ.

ಇಷ್ಟಕ್ಕೇ ಮುಗಿದಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಒತೀಲಿಯಾ ಏಳನೆಯ ಸಲ ನೀರಿನ ಕಚೇರಿಗೆ ಹೋದಾಗ ಗುಮಾಸ್ತ ಪಟ್ಟಿ ತೋರಿಸಿದ. ಲಾ ಪೆನ್ಯಿತಾದ ಮೇಲೆ ಕೆಂಪು ಗೀಟು.

"ನಿಮ್ಮಲ್ಲಿ ನೀರು ಬಂದಿದೆಯಲ್ಲ ತಾಯಿ. ಬೋರ್ಡ್ ಇದೆ."

"ಬೋರ್ಡಲ್ಲಿದೆ, ನಲ್ಲಿಯಲ್ಲಿಲ್ಲ!"

"ಆ ಫೋಟೋದಲ್ಲಿರೋದು ನಿಮ್ಮ ಯಜಮಾನ್ರೇ ತಾನೇ? ಮತ್ತೆ?"

ಅವಳು ಮನೆಗೆ ಬಂದು ಕತ್ತಿನ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. ಕೂಗಾಡಲಿಲ್ಲ. ಕೂಗಾಡಿದ್ದರೆ ದೊನ್ ತೆಯೋಗೆ ಎಷ್ಟೋ ವಾಸಿಯಾಗುತ್ತಿತ್ತು.

"ನಲವತ್ತಮೂರು ಸಹಿ ನಾನು ತಂದೆ. ನೀನು ಒಂದು ನಗು ನಕ್ಕೆ. ಅಷ್ಟೂ ಅಳಿಸಿಹೋಯ್ತು ಕಣಯ್ಯಾ ತೆಯೋ."

ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಆ ನಾಚಿಕೆ ಹೊಸದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ.

ಮೂರನೆಯ ದಿನ ಮೇಯರನ ಕಡೆಯವರೇ ಹುಡುಕಿಕೊಂಡು ಬಂದರು. ಪ್ರಚಾರದ ಕೊನೆಯ ದಿನ "ನೀರು ಬಂದ ಮನೆಯವರ ಜೊತೆ ಊಟ", ಅಂಗಡಿಯಿಂದಲೇ ಫೋನಿನಲ್ಲಿ ನೇರಪ್ರಸಾರ, ಊರೆಲ್ಲ ನೋಡುತ್ತದೆ. ದೊನ್ ತೆಯೋ ಬರುತ್ತೇನೆಂದ. ಒತೀಲಿಯಾ ಅವನ ಮುಖವನ್ನೇ ನೋಡಿ, ಕೊಡ ತೆಗೆದುಕೊಂಡು ಬಾವಿಗೆ ಹೋದಳು.

ಆ ಕೊನೆಯ ದಿನದ ಸಂಜೆ ಮೇಯರ್ ಬಂದ. ಈ ಸಲ ನೇರಪ್ರಸಾರವಾದ್ದರಿಂದ ಉತ್ಸಾಹ ಹೆಚ್ಚಾಗಿ ಮೂರು ಪುಪುಸಾ ತಟ್ಟಿದ, ಮೂರೂ ಒಡೆದವು. ಮೊಣಕೈವರೆಗೆ ಹಿಟ್ಟು, ಬೆರಳ ಸಂದಿಯಲ್ಲಿ ಕಾಳು, ಉಗುರಿನಲ್ಲಿ ಚೀಸು. ಪುಪುಸಾ ತಿನ್ನುವುದು ಕೈಯಲ್ಲೇ. ಚಮಚ ಕೇಳಿದವನನ್ನು ನಮ್ಮಲ್ಲಿ ಪರದೇಶಿ ಅನ್ನುತ್ತಾರೆ, ಪರದೇಶಿಗೆ ಯಾರೂ ಮತ ಹಾಕುವುದಿಲ್ಲ.

"ಕೈಗೆ ಒಂಚೂರು ನೀರು, ನಿನ್ಯಾ ಬೆರ್ತಿಲಾ," ಅಂದ ಮೇಯರ್ ನಗುತ್ತಾ.

ಬೆರ್ತಿಲಾ ಬಕೆಟ್ಟನ್ನು ಬೋರಲು ಮಾಡಿ ತೋರಿಸಿದಳು. "ಈಗ ತಾನೇ ಮುಗೀತು, ಸಾಹೇಬ್ರೇ." ನೀರನ್ನು ಅವಳು ಆಗ ತಾನೇ ನಾಯಿಯ ಮೇಲೆ ಸುರಿದಿದ್ದಳು.

ದೊನ್ ತೆಯೋ ಎದ್ದು ನಿಂತ. ಅಭ್ಯಾಸಬಲದಿಂದ ಕ್ಯಾಮೆರಾ ನೋಡಿದ, ಟೋಪಿ ಸರಿಮಾಡಿಕೊಂಡ.

"ಅದಕ್ಯಾಕೆ ಚಿಂತೆ ಸಾಹೇಬ್ರೇ? ನಮ್ಮನೆ ಹತ್ತೇ ಹೆಜ್ಜೆ. ನೀವೇ ಕೊಟ್ಟ ನೀರು, ನಿಮ್ಮ ಕೈಗೇ ಮೊದಲು ಬೀಳ್ಲಿ. ಬನ್ನಿ, ಬನ್ನಿ!"

ಮೇಯರ್ ಫೋನು ಹಿಡಿದಿದ್ದ ತನ್ನ ಪಕ್ಕದವನ ಮುಖ ನೋಡಿದ. ಪಕ್ಕದವನು ಫೋನು ನೋಡಿದ. ಫೋನಿನಲ್ಲಿ ಸಾವಿರಾರು ಜನ ಹೋಗು, ಹೋಗು ಅಂತ ಬರೆಯುತ್ತಿದ್ದರು. ಬೇಡವೆಂದರೆ ಬೋರ್ಡು ಸುಳ್ಳು, ಹೋದರೆ ನಲ್ಲಿ ಸುಳ್ಳು. ಪಾಪ, ಹೊರಟ. ಹಿಂದೆ ಇಡೀ ಬೀದಿ ಹೊರಟಿತು.

ನಲ್ಲಿ ಬುಸ್ಸೆಂದಿತು. ಮತ್ತೊಮ್ಮೆ ತಿರುಗಿಸಿದರು, ಮತ್ತೊಮ್ಮೆ ಬುಸ್ಸೆಂದಿತು.

"ಗಾಳಿ ಬಂತು ಅಂದ್ರೆ," ಅಂದ ಮೇಯರ್, ಮೆಚ್ಚಬೇಕು ಆ ನಾಲಿಗೆಯನ್ನು, "ನೀರು ಅದರ ಹಿಂದೇನೇ ಹೊರಟಿದೆ ಅಂತ ಅರ್ಥ!"

"ಹದಿನೈದು ವರ್ಷದಿಂದ ಹೊರಟಿದೆ ಸಾಹೇಬ್ರೇ," ಅಂದ ದೊನ್ ತೆಯೋ. "ಆ ಲೋಟದಲ್ಲಿದ್ದದ್ದು ನಿಮ್ಮ ಬಾಟಲಿ ನೀರು. ಕುಡಿದವನು ನಾನು. ನನ್ನ ಮುಖ ಚೆನ್ನಾಗಿ ಬರತ್ತೆ ಅಂದ್ರು, ಎತ್ತಿಬಿಟ್ಟೆ. ತಪ್ಪು ನಂದೇ." ಕೊನೆಯ ಮಾತನ್ನು ಅವನು ಕ್ಯಾಮೆರಾಕ್ಕೆ ಹೇಳಲಿಲ್ಲ, ಮೌರಾಳ ಕಡೆ ತಿರುಗಿ ಹೇಳಿದ.

ಆ ಹೊತ್ತಿಗೆ ಒತೀಲಿಯಾ ಬಾವಿಯಿಂದ ಏರು ಹತ್ತಿ ಬಂದಳು. ತಲೆಯ ಮೇಲೆ ತುಂಬಿದ ಕೊಡ, ಕತ್ತು ಒಂದು ಕಡೆಗೆ ಬಿಗಿದುಕೊಂಡಿತ್ತು. ಮೇಯರ್ ಹಿಟ್ಟಿನ ಕೈಗಳನ್ನು ಅವಳತ್ತ ಚಾಚಿದ. ಅವಳು ಕೊಡ ಇಳಿಸಿ, ಏಪ್ರನ್ನಿನ ಜೇಬಿನಿಂದ ಸಹಿಯ ಕಾಗದದ ಪ್ರತಿ ತೆಗೆದಳು.

"ಬೀದಿ ಹೆಸರು ಮತ್ತೆ ಪಟ್ಟಿಗೆ ಸೇರಿಸಿ ಅಂತ ಬರೆದು ಸಹಿ ಹಾಕಿ. ಆಮೇಲೆ ಕೈ."

ಪಕ್ಕದವನು ಬರೆದ. ಮೇಯರನಿಗೆ ಪೆನ್ನು ಜಾರಿ ಹಿಡಿಯಲಾಗಲಿಲ್ಲ, ಕೊನೆಗೆ ಓದುಬರಹ ಬಾರದವನಂತೆ ಹೆಬ್ಬೆಟ್ಟು ಒತ್ತಿದ. ಹಂದಿಕೊಬ್ಬಿನ ಆ ಗುರುತು ಕಾಗದದ ಹಿಂಬದಿಗೂ ಇಳಿಯಿತು. ಊರೆಲ್ಲ ನೋಡಿತು. ಮರುದಿನ ಗುಮಾಸ್ತ ಆ ಕಾಗದ ಮೂಸಿ ನೋಡಿ, ಗೊಣಗುತ್ತಾ, ಲಾ ಪೆನ್ಯಿತಾವನ್ನು ಪಟ್ಟಿಗೆ ಸೇರಿಸಿಕೊಂಡ. ಪೈಪಿನ ಮಾತು ಬಿಡಿ, ಹೆಸರಾದರೂ ವಾಪಸು ಬಂತು.

ಆದರೆ ಆ ಸಂಜೆ ಇನ್ನೂ ಮುಗಿದಿರಲಿಲ್ಲ. ಕೊಬ್ಬು, ಚೀಸು ಸುಲಭಕ್ಕೆ ಬಿಡುವಂಥದ್ದಲ್ಲ. ಒತೀಲಿಯಾ ಸುರಿದಳು, ಮೇಯರ್ ಉಜ್ಜಿದ, ಕೊಡ ಪೂರ್ತಿ ಖಾಲಿಯಾಯಿತು. ಅವನು ಕೈ ಒರೆಸಿಕೊಂಡು ಕಾರು ಹತ್ತಿದ. ಬೀದಿಯವರು ದೊನ್ ತೆಯೋನ ಬೆನ್ನು ತಟ್ಟಿದರು. ಮೌರಾ ಕೂಡ, "ಪರವಾಗಿಲ್ಲ, ಬಾಯೂ ಇದೆ ನಿಮಗೆ," ಅಂದಳು. ಅವನು ಇನ್ನೇನು ಬೀಗಬೇಕು, ಒತೀಲಿಯಾ ಖಾಲಿ ಕೊಡ ತೋರಿಸಿದಳು.

"ಹದಿನೈದು ವರ್ಷ ನೀರು ಕೇಳಿದೆ ನೀನು. ಒಂದು ದಿನ ಹೊತ್ತಿದೀಯಾ?"

ಅವನು ಟೋಪಿ ತೆಗೆದು ಸಿಂಬಿ ಇಟ್ಟುಕೊಂಡು ಕೊಡ ಹಿಡಿದು ಇಳಿಜಾರು ಇಳಿದ. ಹತ್ತಿ ಬರುವಾಗ ಅಂಗಿ, ಮೀಸೆ, ಚಪ್ಪಲಿ ಎಲ್ಲ ಒದ್ದೆ. ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ನಕ್ಕು ಸುಸ್ತಾದರು.

ಒತೀಲಿಯಾ ಕೊಡದೊಳಗೆ ಇಣುಕಿದಳು.

"ಅರ್ಧವೇ ಇದೆ," ಅಂದಳು. "ಇನ್ನೊಂದ್ಸಲ ಹೋಗಿ ಬಾ."