ಸಿಂಗಪುರಕ್ಕೆ ಹೊರಟವರು ಕುಣಿಗಲ್ಲಿಗೆ ಹೋದದ್ದು

ಊರಿಗೆ ಹೊರಟವನಿಗೆ ದಾರಿ ಹೇಳುವವರು ಹತ್ತು ಮಂದಿ, ಬುತ್ತಿ ಕಟ್ಟಿಕೊಡುವವರು ಒಬ್ಬರೂ ಇಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅಜ್ಜಿ ಶಿವಗಂಗೆಯಿಂದ ಆಚೆಗೆ ಕಾಲಿಟ್ಟವರಲ್ಲ. ಆದರೂ ಆ ಮಾತು ಎಷ್ಟು ಸತ್ಯ ಎನ್ನುವುದು ನಾವು ಗಂಡ ಹೆಂಡತಿ ಸಿಂಗಪುರ ನೋಡಲು ಹೊರಟಾಗ ನನಗೆ ಚೆನ್ನಾಗಿ ತಿಳಿಯಿತು.

ಎಂಬತ್ತರ ದಶಕದ ನಡುವಿನ ಮಾತು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಮನೆ, ಮಂಡಿಪೇಟೆಯಲ್ಲಿ ಬಣ್ಣ, ಮೊಳೆ, ತಂತಿ ಮಾರುವ ಅಂಗಡಿ. ಮಕ್ಕಳಾಗಿರಲಿಲ್ಲ. ಆಗುತ್ತವೆ ಎಂದು ಕಾದೂ ಕಾದೂ ಕಾಯುವುದನ್ನು ಬಿಟ್ಟಿದ್ದೆವು. ಬೆಂಗಳೂರಿನ ಒಂದು ಟೂರ್ ಕಂಪನಿಯವರು ಮದ್ರಾಸಿನಿಂದ ವಿಮಾನ ಹತ್ತಿಸಿ ಸಿಂಗಪುರ, ಮಲೇಷ್ಯಾ ತೋರಿಸಿಕೊಂಡು ಬರುತ್ತಾರೆ ಎಂದು ಪೇಪರಿನಲ್ಲಿ ಓದಿದವಳು ನಾನು. ಹೋಗೋಣ ಎಂದವಳೂ ನಾನೇ. ಯಜಮಾನರು "ನೋಡೋಣ" ಎಂದರು. ಅವರ "ನೋಡೋಣ" ಎಂಥದ್ದು ಎಂದರೆ, ಅಡುಗೆಮನೆಗೆ ಬಣ್ಣ ಹೊಡೆಸೋಣ ಎಂದು ನಾನು ಹೇಳಿದ್ದಕ್ಕೂ ಅದೇ ಉತ್ತರ ಬಂದಿತ್ತು, ಬಣ್ಣದಂಗಡಿಯವರ ಅಡುಗೆಮನೆ ವರ್ಷಗಟ್ಟಲೆ ಮಸಿ ಹಿಡಿದುಕೊಂಡೇ ಇತ್ತು.

ಅವರು ಕೆಟ್ಟವರಲ್ಲ. ಆದರೆ ನಾಲ್ಕು ಜನರನ್ನು ಕೇಳದೆ ಹೊಸ ಚಪ್ಪಲಿಯನ್ನೂ ಮೆಟ್ಟಿದವರಲ್ಲ. ಸಿಂಗಪುರ ಎಂದರೆ ಕೇಳಬೇಕೇ? ಸಲಹೆ ಕೇಳಲು ಹೊರಟರು. ನನ್ನನ್ನೂ ಎಳೆದುಕೊಂಡೇ ಹೊರಟರು.

ಮೊದಲು ಹೋದದ್ದು ನಮ್ಮ ಹಿಂದಿನ ಬೀದಿಯ ಇಂಜಿನಿಯರರ ಮನೆಗೆ. ಅವರಿಗೆ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಹಿಂದೆ ಯಾವಾಗಲೋ ಕಾರ್ಖಾನೆಯವರೇ ಟ್ರೇನಿಂಗಿಗೆ ಎಂದು ಜರ್ಮನಿಗೆ ಕಳಿಸಿದ್ದರಂತೆ. ಅಲ್ಲಿಂದ ಬಂದ ಮೇಲೆ ಅವರು ಬೀದಿಯಲ್ಲಿ ಯಾರನ್ನೂ ಮೊದಲು ಮಾತಾಡಿಸಿದ್ದನ್ನು ನಾನು ಕಂಡಿಲ್ಲ. ನಮ್ಮನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ, ತಾವು ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತೇ ಉಪದೇಶ ಶುರುಮಾಡಿದರು. ಕೈಯಲ್ಲಿ ಕಲಸಿ ತಿನ್ನಬಾರದು. ಎಲೆ ಅಡಿಕೆ ಹಾಕಿ ಉಗಿದರೆ ಪೊಲೀಸರು ಹಿಡಿಯುತ್ತಾರೆ. ಓಡುವ ಮೆಟ್ಟಿಲು ಇರುತ್ತವೆ, ಸೀರೆ ಉಟ್ಟ ಹೆಂಗಸರು ಹತ್ತಿದರೆ ಸೆರಗನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಕೊನೆಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಇವರನ್ನು ಮೊದಲು ಮೈಸೂರಿಗೋ ಊಟಿಗೋ ಕರೆದುಕೊಂಡು ಹೋಗಿ ರೂಢಿ ಮಾಡಿಸಿ ಎಂದರು, ನಾನು ಅಲ್ಲಿ ಕೂತೇ ಇಲ್ಲ ಎನ್ನುವ ಹಾಗೆ. ಕಾಫಿಯೂ ಬರಲಿಲ್ಲ. ದಾರಿಯಲ್ಲಿ ಯಜಮಾನರು, ಮೆಟ್ಟಿಲ ವಿಷಯ ಯೋಚನೆ ಮಾಡಬೇಕು ಕಣೇ ಎಂದರು.

ಆಮೇಲೆ ಗುಬ್ಬಿಗೆ, ನಮ್ಮ ಚಿಕ್ಕಪ್ಪನ ಮನೆಗೆ. ಚಿಕ್ಕಪ್ಪ ಮಠಕ್ಕೆ ಹತ್ತಿರದವರು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಬುದ್ಧಿವಾದ. ಸಿಂಗಪುರ ಎಂದ ಕೂಡಲೇ ಕಣ್ಣು ಮುಚ್ಚಿಕೊಂಡರು. ಅಲ್ಲಿನವರು ಹಾವು ಕಪ್ಪೆ ತಿನ್ನುತ್ತಾರೆ, ಅದೇ ಬಾಣಲೆಯಲ್ಲಿ ನಿಮಗೂ ಪಲ್ಯ ಮಾಡಿ ಹಾಕುತ್ತಾರೆ ಎಂದರು. ಲಿಂಗಪೂಜೆಗೆ ಮಡಿನೀರು ಎಲ್ಲಿ ತರುತ್ತೀಯ, ಅಲ್ಲಿಯ ಕೊಳಾಯಿಯನ್ನು ಯಾರು ಯಾರು ಮುಟ್ಟಿರುತ್ತಾರೋ ಎಂದರು.

"ಗುಬ್ಬಿ ಕೊಳಾಯಿನ ಯಾರ್ ಯಾರ್ ಮುಟ್ಟಿರ್ತಾರೆ ಅಂತ ನೀವು ನೋಡೋಕ್ ಹೋಗಿದೀರಾ ಚಿಕ್ಕಪ್ಪ?" ಎಂದು ಕೇಳಿಬಿಟ್ಟೆ.

ಅವರು ಕಣ್ಣು ತೆರೆದರು. ನಿನ್ನ ನಾಲಿಗೆಗೆ ಮೊದಲಿಂದಲೂ ಮೂಳೆ ಇಲ್ಲ, ದೇವರು ಯಾರಿಗೆ ಏನು ಕೊಡಬೇಕೋ ಕೊಡಬಾರದೋ ತಿಳಿದೇ ಇಟ್ಟಿರುತ್ತಾನೆ ಎಂದರು. ಮಾತು ಎಲ್ಲಿಗೆ ತಗುಲಬೇಕೋ ಅಲ್ಲಿಗೇ ತಗುಲಿತು. ಊಟಕ್ಕೆ ಏಳಿ ಎಂದು ಚಿಕ್ಕಮ್ಮ ಕರೆದರು. ಹಸಿವಿಲ್ಲ ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದೆ. ಯಜಮಾನರಿಗೆ ಹಸಿವಿತ್ತು ಪಾಪ, ನನ್ನ ಹಿಂದೆಯೇ ಬಂದರು.

ನಮ್ಮ ಸುತ್ತಮುತ್ತ ಸಮುದ್ರ ದಾಟಿದ್ದ ಇನ್ನೊಂದೇ ಮನೆ ಎಂದರೆ ಎದುರಿನ ಸಾಬರ ಮನೆ. ಗಂಡ ಹೆಂಡತಿ ಇಬ್ಬರೂ ಬೊಂಬಾಯಿಯಿಂದ ಹಡಗಿನಲ್ಲಿ ಹಜ್ಜಿಗೆ ಹೋಗಿ ಬಂದಿದ್ದರು. ಆ ಅಮ್ಮ ಒಳಗೆ ಕರೆದು ಕೂರಿಸಿದರು, ಟೀ ಕೊಟ್ಟರು. ಇಲ್ಲಿ ಒಳ್ಳೆಯ ಮಾತು ಸಿಗುತ್ತದೆ ಎಂದುಕೊಂಡೆ. ಹಾಸಿಗೆ ಸುತ್ತಿದ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ಹಡಗಿನಲ್ಲಿ ಎಲ್ಲರ ಹಾಸಿಗೆಯೂ ಒಂದೇ ಥರ ಇರುತ್ತೆ ಎಂದರು. ನಾವು ಹೋಗುವುದು ವಿಮಾನದಲ್ಲಿ ಎಂದೆ. ಇದ್ದರೂ ಹಾಕಿ ಎಂದರು. ಹೊಟ್ಟೆ ತೊಳೆಸಿದರೆ ನೆಕ್ಕಲು ನಿಂಬೆ ಉಪ್ಪಿನಕಾಯಿ, ಕೆಡದ ಹಾಗೆ ಒಣಗಿಸಿದ ರೊಟ್ಟಿ ಎಲ್ಲ ಹೇಳಿದರು. ಯಜಮಾನರು ತಲೆಯಾಡಿಸುತ್ತಾ ಕೇಳುತ್ತಿದ್ದರು. ಕೊನೆಗೆ ಆಕೆ ದನಿ ತಗ್ಗಿಸಿ ಹೇಳಿದರು:

"ಇದೆಲ್ಲ ಆಮೇಲೆ. ಮೊದಲು ಮಾಫಿ ಕೇಳ್ಕೊಂಡ್ ಬನ್ನಿ. ಯಾರ್ ಯಾರ ಹತ್ರ ಮಾತು ಬಿಟ್ಟಿದೀರೋ ಅವ್ರ ಮನೆಗೆಲ್ಲ ಹೋಗಿ ಕೇಳ್ಬೇಕು. ಮುನಿಸು ಇಟ್ಕೊಂಡು ಸಮುದ್ರ ದಾಟಬಾರ್ದು. ವಾಪಸ್ ಬರ್ತೀವೋ ಇಲ್ವೋ, ಯಾರ್ಗೆ ಗೊತ್ತು?"

"ನಾವು ಯಾತ್ರೆಗೆ ಹೋಗ್ತಿಲ್ಲಮ್ಮ, ಸುಮ್ನೆ ಸುತ್ತಾಡ್ಕೊಂಡ್ ಬರೋಕೆ" ಎಂದೆ.

"ಸಮುದ್ರಕ್ಕೆ ಅದು ಗೊತ್ತಾಗುತ್ತಾ?" ಎಂದರು.

ಹಜ್ಜಿಗೆ ಹೊರಡುವ ಮುಂಚೆ ಅವರ ಯಜಮಾನರು ಮೋರಿ ಜಗಳ ಆಡಿದ್ದ ಪಕ್ಕದ ಅಂಗಡಿಯವನವರೆಗೆ ಎಲ್ಲರ ಕೈ ಹಿಡಿದು ಕೇಳಿಕೊಂಡಿದ್ದರಂತೆ. ಅಂಗಡಿಯವನು ಅತ್ತೇಬಿಟ್ಟನಂತೆ. ಅವರಿಗೆ ಅದು ಹಿಡಿಸಿತು, ನಡೆಯಿತು. ನಮ್ಮವರು ಮಾತ್ರ ಟೀ ಲೋಟ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ಮನೆಗೆ ಬಂದು, ಅಣ್ಣನ ಹತ್ತಿರ ಹೋಗಿ ಬರೋಣ, ಅವನು ಹೂಂ ಅಂದರೆ ಹೋಗೋಣ, ಇಲ್ಲದಿದ್ದರೆ ಬೇಡ ಎಂದರು. ನನ್ನ ಸಿಂಗಪುರ ಹೋಗಿ ಹೋಗಿ ಕುಣಿಗಲ್ಲಿನ ಜಗಲಿಯ ಮೇಲೆ ಕೂತಿತು.

ಆ ಅಣ್ಣ, ಅಂದರೆ ನನ್ನ ಭಾವನವರು, ನಮ್ಮ ಜೊತೆ ಮಾತು ಬಿಟ್ಟು ಏಳೆಂಟು ವರ್ಷವಾಗಿತ್ತು. ನಮ್ಮತ್ತೆ ಸತ್ತದ್ದು ನಮ್ಮ ಮನೆಯಲ್ಲಿ. ಕುಣಿಗಲ್ಲಿನ ಹೊಲದಲ್ಲಿ ಮಾವನವರ ಸಮಾಧಿ ಇದೆ, ಭಾವನವರ ಮನೆಯ ಮುಂದೆಯೇ ಅಲ್ಲಿಗೆ ದಾರಿ. ಅದರ ಪಕ್ಕದಲ್ಲೇ ಅತ್ತೆಯನ್ನೂ ಮಣ್ಣು ಮಾಡಬೇಕಾಗಿತ್ತು. ನಮ್ಮವರು ತುಮಕೂರಿನಲ್ಲೇ ಮಾಡಿದರು. ಬಿಸಿಲು ಜಾಸ್ತಿ ಇತ್ತು, ಲಾರಿ ಸಿಗಲಿಲ್ಲ ಎಂದು ಅಣ್ಣನಿಗೆ ಹೇಳಿದರು. ಅವ್ವನನ್ನು ಪರದೇಶಿ ಹಾಗೆ ಎಲ್ಲೋ ಹೂತು ಬಂದ, ಒಂದು ಲಾರಿಗೂ ಕೈ ಬಿಚ್ಚಲಿಲ್ಲ ಎಂದು ಭಾವನವರು ನೆಂಟರಿಷ್ಟರಲ್ಲೆಲ್ಲ ಹೇಳಿಕೊಂಡು ಬಂದರು. ಮದುವೆ ಮನೆಗಳಲ್ಲಿ ನಾವು ಕೂತ ಪಂಕ್ತಿಯಲ್ಲಿ ಅವರು ಕೂರುತ್ತಿರಲಿಲ್ಲ.

ಲಾರಿ ಸಿಕ್ಕಿತ್ತು. ಬೇಡ ಎಂದವರು ನಮ್ಮತ್ತೆ. ನಮ್ಮ ಮನೆಗೆ ಬರುವ ಮುಂಚೆ ಅವರು ಕುಣಿಗಲ್ಲಿನಲ್ಲೇ ಇದ್ದರು. ಅಲ್ಲಿ ನನ್ನ ಓರಗಿತ್ತಿ ಅವರನ್ನು ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಮಲಗಿಸಿ, ತಟ್ಟೆಯನ್ನು ನೆಲದ ಮೇಲೆ ತಳ್ಳುತ್ತಿದ್ದಳು. ನಮ್ಮವರು ಹೋಗಿ ಕರೆತಂದರು. ಆ ಮನೆ ಬಾಗಿಲ ಮುಂದೆ ನನ್ನ ಹೆಣವೂ ಹಾಯಬಾರದು ಎಂದು ಅತ್ತೆ ಮಗನ ಕೈಯಲ್ಲಿ ಭಾಷೆ ತೆಗೆದುಕೊಂಡಿದ್ದರು, ನಾನು ಪಕ್ಕದಲ್ಲೇ ಇದ್ದೆ. ಅಣ್ಣನ ಮರ್ಯಾದೆ ಬೀದಿಗೆ ಬೀಳುತ್ತದೆ ಎಂದು ನಮ್ಮವರು ಆ ಮಾತನ್ನು ನುಂಗಿಕೊಂಡು, ಲಾರಿಯ ಮೇಲೆ ಹಾಕಿ, ಅಷ್ಟು ವರ್ಷ ಬೈಸಿಕೊಂಡರು. ಈಗ ಅದಕ್ಕೇ ಮಾಫಿ ಬೇರೆ ಕೇಳಬೇಕು! ನಾನು ಬರುವುದಿಲ್ಲ ಎಂದೆ. ಬರದಿದ್ದರೆ ನಾನೊಬ್ಬನೇ ಹೋಗುತ್ತೇನೆ ಎಂದರು. ಒಬ್ಬರನ್ನೇ ಕಳಿಸುವ ಹಾಗಿರಲಿಲ್ಲ, ಏನೇನು ಒಪ್ಪಿಕೊಂಡು ಬರುತ್ತಿದ್ದರೋ.

ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ಹೋದೆವು. ಭಾವನವರ ಮನೆ ಕೆರೆ ಏರಿಗೆ ಹತ್ತಿರ. ಅವರು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಏನ್ಲಾ, ದಾರಿ ತಪ್ಪಿ ಬಂದ್ಯಾ?"

ಓರಗಿತ್ತಿ ಬಾಗಿಲಿಗೆ ಬಂದು, ನಮ್ಮ ಕೈಯಲ್ಲಿದ್ದ ತಟ್ಟೆ ನೋಡಿ, ಯಾರ ಮದುವೆ ಎಂದು ಕೇಳಿದಳು. ನಮ್ಮ ಮನೆಯಲ್ಲಿ ಮದುವೆಯಾಗುವವರು ಯಾರೂ ಇಲ್ಲ ಎಂದು ಗೊತ್ತಿದ್ದೇ ಕೇಳಿದ್ದು. ಒಳಗೆ ಬನ್ನಿ ಎನ್ನಲಿಲ್ಲ, ನೀರು ತರಲಿಲ್ಲ. ನಮ್ಮ ಕಡೆ ಸಾಲ ವಸೂಲಿಗೆ ಬಂದವನಿಗೂ ಒಂದು ಚೊಂಬು ನೀರು ಮುಂದಿಟ್ಟು ಆಮೇಲೆ ಜಗಳ ತೆಗೆಯುತ್ತಾರೆ.

ಯಜಮಾನರು ನಿಂತೇ, ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದರು. ಹೊರದೇಶಕ್ಕೆ ಹೋಗುತ್ತಿದ್ದೇವೆ, ಹೋಗುವ ಮುಂಚೆ ಹಿರಿಯವನಾದ ನಿನ್ನ ಹತ್ತಿರ ತಪ್ಪಾಯಿತು ಎಂದು ಕೇಳಿಕೊಂಡು ಹೋಗಲು ಬಂದೆವು ಎಂದರು. ಭಾವನವರು ಹಗ್ಗದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಇನ್ನೊಂದು ಎಳೆ ಸೇರಿಸಿದರು.

"ಅವ್ವನ್ನ ತುಮ್ಕೂರಿಂದ ಕುಣಿಗಲ್ಲಿಗೆ ತರಾಕೆ ನಿಂಗೆ ಒಂದು ಲಾರಿ ಸಿಗ್ನಿಲ್ಲ. ಈಗ ಸಿಂಗಪುರಕ್ಕೆ ಇಮಾನ ಸಿಕ್ತೇನ್ಲಾ?"

"ತಪ್ಪಾಯ್ತು ಅಣ್ಣ" ಎಂದರು ನಮ್ಮವರು.

ಅಣ್ಣ ತಮ್ಮಂದಿರ ಮಾತು ಹೇಗೋ ಮುಗಿಯಲಿ, ಅವರೊಂದು ಹೂಂ ಅನ್ನಲಿ, ಹೊರಟುಬಿಡೋಣ ಎಂದಷ್ಟೇ ನನಗಿತ್ತು. ಆಗ ಬಾಗಿಲಲ್ಲಿದ್ದವಳು ಬಾಯಿ ಹಾಕಿದಳು.

"ಓಗ್ಲಿ ಬುಡಿ ಅತ್ಲಾಗೆ. ಹಿಂದಿಲ್ಲ ಮುಂದಿಲ್ಲ, ತೂಗೋಕೆ ತೊಟ್ಲಿಲ್ಲ. ಊರೂರು ತಿರುಗ್ದೆ ಇನ್ನೇನ್ ಮಾಡ್ತಾಳೆ ಅವ್ಳು."

ಆ ಮಾತು ನನಗೆ ಹೊಸದೇನಲ್ಲ. ಗುಬ್ಬಿಯಲ್ಲೂ ಕೇಳಿಕೊಂಡು ಬಂದಿದ್ದೆ. ಆದರೆ ನಮ್ಮವರು ತಲೆ ಎತ್ತಿದರು. ಕೈಯಲ್ಲಿದ್ದ ತಟ್ಟೆಯನ್ನು ಜಗಲಿಯ ಮೇಲಿಟ್ಟರು.

"ಲಾರಿ ಸಿಕ್ಕಿತ್ತು ಅಣ್ಣ. ನಾನೇ ವಾಪಸ್ ಕಳ್ಸಿದೆ. ಈ ಮನೆ ಬಾಗ್ಲ ಮುಂದೆ ನನ್ನ ಹೆಣಾನೂ ಹಾಯಬಾರ್ದು ಅಂತ ಅವ್ವ ನನ್ ಕೈಲಿ ಭಾಷೆ ತಕ್ಕೊಂಡಿದ್ಲು. ಯಾಕೆ ಅಂತ ಅತ್ತಿಗೇನ ಕೇಳು."

ಭಾವನವರ ಕೈ ಆಗ ನಿಂತಿತು. ಹೊಸೆದದ್ದೆಲ್ಲ ಅವರ ತೊಡೆಯ ಮೇಲೆ ತಾನಾಗಿ ಬಿಚ್ಚಿಕೊಂಡಿತು. ಹೆಂಡತಿಯ ಕಡೆ ತಿರುಗಿದರು. ಆಕೆ ಸುಳ್ಳು ಎನ್ನಲಿಲ್ಲ, ನಿಜ ಎನ್ನಲಿಲ್ಲ, ಸೆರಗು ಎಳೆದುಕೊಂಡು ಒಳಗೆ ಹೋದಳು. ಅವರು ಇನ್ನೇನು ಕೇಳುತ್ತಾರೆ, ತಮ್ಮನನ್ನು ಕೂರಿಸುತ್ತಾರೆ ಎಂದು ಒಂದು ಗಳಿಗೆ ನನಗೆ ಅನ್ನಿಸಿತು. ನನ್ನ ಹುಚ್ಚು.

"ಸತ್ತೋಳ ಬಾಯಿಗೆ ಮಾತು ತುರುಕ್ತೀಯೇನ್ಲಾ? ನಡಿ ಆಚೆಗೆ. ಎಲ್ಲಿಗಾದ್ರೂ ಓಗಿ ಸಾಯಿ, ಈ ಕಡೆ ಮುಖ ಹಾಕ್ಬೇಡ."

ತಟ್ಟೆಯನ್ನು ಅಂಗಳಕ್ಕೆ ಎಸೆದರು. ಬಾಳೆಹಣ್ಣು ದೂಳಿಗೆ ಬಿತ್ತು, ತೆಂಗಿನಕಾಯಿ ಬೀದಿಯವರೆಗೂ ಉರುಳಿ ಹೋಯಿತು. ನಾನು ತಟ್ಟೆಯನ್ನು ಮಾತ್ರ ಎತ್ತಿಕೊಂಡೆ. ಅದು ನನ್ನ ತವರಿನದು.

ಮಾಫಿ ಕೇಳಲು ಹೋದವರು ಇದ್ದ ಗಾಯಕ್ಕೆ ಸರಿಯಾಗಿ ಉಪ್ಪು ತಿಕ್ಕಿ ಬಂದಿದ್ದೆವು. ಇನ್ನು ಸಿಂಗಪುರದ ಹೆಸರನ್ನು ಇವರ ಮುಂದೆ ಎತ್ತುವ ಹಾಗಿಲ್ಲ ಎಂದು ನಾನು ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಹೆಬ್ಬೂರು ದಾಟಿದ ಮೇಲೆ ಯಜಮಾನರು ತಮ್ಮಷ್ಟಕ್ಕೆ ತಾವೇ, "ನೀರು ಕೊಡ್ಲಿಲ್ಲ ಕಣೇ" ಎಂದರು. ಅಷ್ಟೇ.

ತುಮಕೂರಿನಲ್ಲಿ ಇಳಿದು ಎರಡು ಗೋಲಿಸೋಡಾ ಒಂದರ ಹಿಂದೊಂದು ಕುಡಿದರು. ಮನೆಯ ದಾರಿ ಹಿಡಿಯದೆ ಎದುರಿಗಿದ್ದ ಫೋಟೋ ಸ್ಟುಡಿಯೋ ಮೆಟ್ಟಿಲು ಹತ್ತಿದರು. ಏನು ಎಂದೆ. ಪಾಸ್‌ಪೋರ್ಟಿಗೆ ಫೋಟೋ ಬೇಕಲ್ಲ ಎಂದರು. ಅವರು ಯಾರನ್ನೂ ಕೇಳದೆ ಮಾಡಿದ ಮೊದಲನೇ ಕೆಲಸ ಅದು. ದಾರಿಯ ದೂಳು ತಲೆಯಲ್ಲಿತ್ತು, ಬಾಚಿಕೊಳ್ಳಿ ಎಂದದ್ದಕ್ಕೂ ಬಾಚಲಿಲ್ಲ. ಫೋಟೋದವನು ಪರದೆಯ ಮುಂದೆ ಕೂರಿಸಿ, ಸ್ವಲ್ಪ ಮುಖ ಸಡಿಲ ಮಾಡಿ ಸಾರ್ ಎಂದ.

"ಇರೋದೇ ಹಿಂಗೆ. ತೆಗೀರಿ" ಎಂದರು.

ನನ್ನ ಸರದಿ ಬಂದಾಗ ಅವನು ಏನೂ ಹೇಳಲಿಲ್ಲ. ನನ್ನ ಮುಖ ಅದಕ್ಕಿಂತ ಚೆನ್ನಾಗಿರಲಿಲ್ಲವೆಂದು ಕಾಣುತ್ತದೆ.

ಮರುದಿನ ಎದುರುಮನೆಯ ಅಮ್ಮ ಮಾಫಿ ಸಿಕ್ತಾ ಎಂದು ಕೇಳಿದರು. ಕೇಳಿದ್ವಿ ಎಂದೆ. ಸಿಕ್ತಾ ಎಂದು ಮತ್ತೆ ಕೇಳಿದರು. ಇಲ್ಲ, ಆದರೂ ಹೋಗುತ್ತಿದ್ದೇವೆ ಎಂದೆ. ನಾವು ಹೊರಡುವ ದಿನದವರೆಗೂ ಆಕೆ ಮತ್ತೊಂದು ಸಲಹೆ ಕೊಡಲಿಲ್ಲ. ಭಾವನವರು ಆಮೇಲೆ ನಮ್ಮ ಹೊಸಿಲು ತುಳಿಯಲಿಲ್ಲ, ನಾವು ಅವರದ್ದನ್ನು ತುಳಿಯಲಿಲ್ಲ. ಓರಗಿತ್ತಿಯನ್ನು ಅವರು ಆ ದಿನ ಏನಾದರೂ ಕೇಳಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸಿಂಗಪುರದಲ್ಲಿ ಇಳಿದಾಗ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಯಜಮಾನರ ಪಾಸ್‌ಪೋರ್ಟ್ ತೆರೆದು ಫೋಟೋ ನೋಡಿದ, ತಲೆ ಎತ್ತಿ ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಕುಣಿಗಲ್ಲಿನ ಜಗಲಿಯ ಮುಂದೆ ನಿಂತಿದ್ದ ಆ ಮುಖ ಅಷ್ಟು ದೂರ ಬಂದರೂ ಬದಲಾಗಿರಲಿಲ್ಲ. ಇಬ್ಬರೂ ಒಬ್ಬನೇ ಎಂದು ಅವನಿಗೆ ಖಾತ್ರಿಯಾಯಿತು, ಮುದ್ರೆ ಒತ್ತಿ ಒಳಕ್ಕೆ ಬಿಟ್ಟ.