ಅರ್ಜಿಯಲ್ಲಿ ಬರೆಯದ ಜ್ವರಗಡ್ಡೆ

ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮುಂಚೆ, ಮೈಸೂರಿನಲ್ಲಿ ಇಂಟರ್‌ಮೀಡಿಯಟ್ ಮುಗಿಸಿ ಊರಿಗೆ ಬಂದವನು ಡಾಕ್ಟರಿಕೆ ಓದಲು ಅರ್ಜಿ ಬರೆಯಲು ಕೂತೆ. ಅಂಕಪಟ್ಟಿಯ ಜೊತೆಗೆ ನಮ್ಮ ಬಗ್ಗೆ ನಾವೇ ಒಂದು ಹಾಳೆ ಬರೆದು ಕಳಿಸಬೇಕಿತ್ತು. ಮದ್ದೂರಿನ ಆಚೆಗಿನ ನಮ್ಮ ಹಳ್ಳಿಯಲ್ಲಿ ಅಂಥದ್ದನ್ನು ಬರೆದವರು ಯಾರೂ ಇರಲಿಲ್ಲ. ನಮಗೆ ಗೊತ್ತಿದ್ದದ್ದು ಹೆಣ್ಣು ಕೇಳಲು ಹೋದಾಗ ಆಡುವ ಮಾತು ಮಾತ್ರ: ಗದ್ದೆ ಎಷ್ಟು, ಎತ್ತು ಎಂಥವು, ಆಲೆಮನೆ ಸ್ವಂತದ್ದೋ ಅಲ್ಲವೋ. ಅಪ್ಪ ಜಗಲಿಯ ಮೇಲೆ ಕೂತು ಅದನ್ನೇ ಬರೆಸಿದ.

ನಾನು ಬರೆಯಬೇಕೆಂದಿದ್ದದ್ದೇ ಬೇರೆ. ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಕಬ್ಬು ಬಂತು, ಭತ್ತ ಬಂತು, ಬೆನ್ನಿಗೇ ಚಳಿಜ್ವರವೂ ಬಂತು. ನನ್ನ ತಂಗಿ ಅದರಲ್ಲೇ ಹೋದಳು. ಅವಳು ಹೋದ ಮೇಲೆ ಬೇಸಿಗೆ ರಜೆಗಳಲ್ಲಿ ನಾನು ಮಲೇರಿಯಾ ಇನ್ಸ್‌ಪೆಕ್ಟರರ ಜೊತೆ ಮಳವಳ್ಳಿ ಕಡೆಯ ಹಳ್ಳಿಗಳನ್ನು ಸುತ್ತಿದೆ. ಯಾವ ಕೇರಿಯೆಂದು ನೋಡದೆ ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿ, ಎಡಪಕ್ಕೆಯ ಕೆಳಗೆ ಬೆರಳೊತ್ತಿ, ಚಳಿಜ್ವರಕ್ಕೆ ಗುಲ್ಮ ಊದಿ ಆಗುವ ಜ್ವರಗಡ್ಡೆ ಬೆಳೆದಿದೆಯೇ ಎಂದು ನೋಡುವುದು ಕೆಲಸ. ತಣ್ಣನೆಯ ಕೈ ತಾಕಿದರೆ ಮಗು ಹೊಟ್ಟೆ ಬಿಗಿಹಿಡಿಯುತ್ತದೆ, ಗಡ್ಡೆ ಸಿಗುವುದಿಲ್ಲ. ಅದಕ್ಕೇ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ. ಡಾಕ್ಟರಾಗಲು ನನಗಿದ್ದ ಯೋಗ್ಯತೆಯೆಂದರೆ ಅದೊಂದೇ.

ಅದನ್ನೂ ಹಾಳೆಯಲ್ಲಿ ಸೇರಿಸಿ ಬರೆದು ಓದಿ ಹೇಳಿದಾಗ ಅಪ್ಪ ಉರಿದುಬಿದ್ದ.

"ಕಂಡೋರ್ ಮಕ್ಳ ಒಟ್ಟೆ ಇಸುಕ್ಕಂಡ್ ತಿರುಗ್ದೆ ಅಂತ ಬರೀತೀಯೇನ್ಲಾ? ನಾಳೆ ನಿಂಗೆ ಎಣ್ ಕೊಡೋರ್ ಯಾರ್ಲಾ?"

"ತಂಗಿ ವಿಚಾರ ಬರ್ದ್ರೆ ನಾನ್ಯಾಕ್ ಡಾಕ್ಟ್ರಾಗ್ಬೇಕು ಅಂತ ಅವ್ರಿಗೆ ಗೊತ್ತಾಯ್ತದೆ ಕಣಪ್ಪ," ಅಂದೆ.

ಅಪ್ಪನ ದನಿ ಇಳಿಯಿತು. "ಬುಡ್ಲಾ. ಸತ್ತ ಮಗೀನ್ ಎಸ್ರು ಯೋಳಿ ಸೀಟ್ ಕೇಳ್ಬ್ಯಾಡ."

ಆ ಸಾಲುಗಳನ್ನು ಬಿಟ್ಟು ಹಾಳೆಯನ್ನು ಮತ್ತೆ ಬರೆದೆ. ಗದ್ದೆ, ಎತ್ತು, ಆಲೆಮನೆ, ಕೊನೆಗೆ ನನ್ನದೂ ಒಂದಿಷ್ಟು ಇರಲಿ ಎಂದು ಬ್ಯಾಡ್ಮಿಂಟನ್. ಅದನ್ನು ನಾನು ಆಡಿದ್ದಕ್ಕಿಂತ ನೋಡಿದ್ದೇ ಹೆಚ್ಚು.

ಸಂದರ್ಶನಕ್ಕೇನೋ ಕರೆ ಬಂತು. ಅಲ್ಲಿ ಹಿರಿಯ ಡಾಕ್ಟರೊಬ್ಬರು ಹಾಳೆ ಓದಿ ನಕ್ಕರು. "ಇಷ್ಟೆಲ್ಲ ಇದೆಯಲ್ಲಪ್ಪ, ಡಾಕ್ಟರಿಕೆ ಯಾಕೆ?" ಅಂದರು. ಕೆಣಕಿದ್ದಲ್ಲ, ತಿಳಿಯಲೆಂದೇ ಕೇಳಿದ್ದು. ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ: ತಂಗಿ, ಚಾಪೆ, ಜ್ವರಗಡ್ಡೆ. ಅವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರಲ್ಲಿ ಇಲ್ಲವಲ್ಲ?"

ಸೀಟಿಗಾಗಿ ಆಗಿಂದಾಗಲೇ ಕಟ್ಟಿದ ಕಥೆಯೆಂದುಕೊಂಡರೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಅಪ್ಪ ಬೇಡವೆಂದ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ತಂಗಿಯ ಸಾವು ನನ್ನ ಬಾಯಲ್ಲೇ ಸುಳ್ಳಾಯಿತಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ.

ಮದ್ದೂರು ಸ್ಟೇಷನ್ನಿಗೆ ಅಪ್ಪ ಗಾಡಿ ಕಟ್ಟಿಕೊಂಡು ಬಂದಿದ್ದ.

"ಏನ್ಲಾ ಕೇಳುದ್ರು?"

"ಗದ್ದೆ ವಿಚಾರ ಕೇಳುದ್ರು ಕಣಪ್ಪ."

"ನಾ ಯೋಳ್ಲಿಲ್ವಾ?" ಎಂದು ಹಿಗ್ಗಿ ಎತ್ತುಗಳ ಬಾಲ ತಿರುವಿದ.

ಸೀಟು ಸಿಗುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ಅಪ್ಪ ಮಾತ್ರ ಆ ಮಳೆಗಾಲವೆಲ್ಲ, ಟಪಾಲಿನವನು ಬರುವ ಹೊತ್ತಿಗೆ ಗದ್ದೆ ಕೆಲಸ ಬಿಟ್ಟು ಜಗಲಿಗೆ ಬಂದು ಕೂರುತ್ತಿದ್ದ.